ಅಂಚು ಮುಕ್ಕಾದ ಹೂಜಿ

ಕೆಟ್ಟದ್ದು ವೈನೋ, ತನ್ನ ನಾಲಿಗೆಯೋ? ಎರಡನೆಯ ಗುಟುಕನ್ನು ನುಂಗದೆ ಎಲಾದಿಯೊ ಬಾಯಲ್ಲೇ ಇಟ್ಟುಕೊಂಡು ಕಾದ. ತಂಪಿತ್ತು. ಸೋಡಾದ ಚುರುಕಿತ್ತು. ನಿಂಬೆಯ ಹುಳಿ ತನ್ನ ಜಾಗದಲ್ಲಿ ಬಂದು ಹೋಯಿತು. ಕೊನೆಗೆ ಒಂದಿಷ್ಟು ಒಗರೂ ಬಂತು. ಆದರೆ ಇವೆಲ್ಲದರ ಅಡಿಯಲ್ಲಿ ಇರಬೇಕಾದ ಒಂದು ಭಾರ ಇರಲಿಲ್ಲ. ಇನ್ನೂ ಒಂದು ಮೆಟ್ಟಿಲಿದೆಯೆಂದು ಕಾಲಿಟ್ಟಾಗ ನೆಲವೇ ಸಿಕ್ಕಿ ಮೈ ಕುಲುಕಿದ ಹಾಗಾಯಿತು.

ನಿನ್ನೆಯೂ ಹೀಗೇ ಆಗಿತ್ತು. ಬಹುಶಃ ಮೊನ್ನೆಯೂ. ಯಾವತ್ತಿನಿಂದ ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಆ ದಿನ ಸಿಗುತ್ತಿರಲಿಲ್ಲ. ಅವನಿಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಪೀಪಾಯಿ ಕೆಟ್ಟರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮನುಷ್ಯ ಕೆಡುವುದು ನಿಧಾನವಾಗಿ.

ಬೇರೆ ಯಾರಿಗಾದರೂ ಇದು ಒಂದು ಲೋಟದ ಮಾತಾಗಿರುತ್ತಿತ್ತು. ಎಲಾದಿಯೊ ನಲವತ್ತು ವರ್ಷ ದಕ್ಷಿಣ ಸ್ಪೇನಿನ ನಮ್ಮೂರಿನ ಸಹಕಾರಿ ಎಣ್ಣೆ ಗಾಣದಲ್ಲಿ ಮೇಸ್ತ್ರಿಯಾಗಿದ್ದವನು. ನಿವೃತ್ತನಾದ ಮೇಲೂ ಜಿಲ್ಲೆಯ ಆಲಿವ್ ಎಣ್ಣೆಯನ್ನು ರುಚಿ ನೋಡಿ ದರ್ಜೆ ಹೇಳುವ ಹತ್ತು ಜನರ ಮಂಡಳಿಯಲ್ಲಿ ಅವನ ಕುರ್ಚಿ ಉಳಿದಿತ್ತು. ಬಣ್ಣ ಕಾಣದಂತೆ ನೀಲಿ ಗಾಜಿನ ಬಟ್ಟಲಲ್ಲಿ ಎಣ್ಣೆ ಕೊಡುತ್ತಾರೆ. ಅವನು ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ, ಒಂದಿಷ್ಟು ನಾಲಿಗೆಯ ಮೇಲೆ ಹರಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ಕಾಯಿ ಚೀಲದಲ್ಲಿ ಎಷ್ಟು ದಿನ ಕೂತಿತ್ತು, ನೆಲಕ್ಕೆ ಬಿದ್ದಿತ್ತೋ ಮರದಿಂದ ಕಿತ್ತದ್ದೋ ಹೇಳುತ್ತಿದ್ದ. ಹೇಳಿದ್ದು ತಪ್ಪಾದ ದಿನ ಯಾರಿಗೂ ನೆನಪಿಲ್ಲ. ಮಾತು ಕಡಿಮೆ. ಬಾಯಿ ಇರುವುದು ಬೇರೆ ಕೆಲಸಕ್ಕೆ ಎಂಬಂತೆ ಬದುಕಿದವನು.

ಹಾಗಾಗಿ ಜುಲೈ ಕೊನೆಯ ಆ ಮಧ್ಯಾಹ್ನ ಅವನು ಲೋಟವನ್ನು ಕೌಂಟರ್ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ "ಸೊಕೋರೊ, ಈ ವೈನ್ ಎಲ್ಲಿಂದ ತರಿಸಿದ್ದು?" ಎಂದಾಗ ಬಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸೊಕೋರೊ ಐಸ್ ಒಡೆಯುತ್ತಿದ್ದಳು. ಐವತ್ತೆಂಟು ವರ್ಷದ ಹೆಂಗಸು, ಗಟ್ಟಿ ಮುಂಗೈ, ಕಿವಿಯ ಹಿಂದೆ ಪೆನ್ಸಿಲ್. ಅಪ್ಪ ಸತ್ತ ಮೇಲೆ ಬಾರನ್ನು ಒಬ್ಬಳೇ ನಡೆಸಿಕೊಂಡು ಬಂದವಳು.

"ಯಾವಾಗ್ಲೂ ತರೋ ಕಡೆಯಿಂದ್ಲೇ ಮೇಸ್ತ್ರಿ. ವಾಲ್ದೆಪೆನ್ಯಾಸ್‌ದು. ಏನಾಯ್ತು?"

"ಏನೋ ಕಮ್ಮಿ ಇದೆ."

ಪಕ್ಕದಲ್ಲಿದ್ದ ಫ್ರಾಸ್ಕಿತೊ ತನ್ನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಊರಿನ ಕ್ಷೌರಿಕ, ಎಲಾದಿಯೊನ ಜೊತೆ ಶಾಲೆಗೆ ಹೋದವನು. "ನಂದು ಚೆನ್ನಾಗೇ ಇದೆಯಲ್ಲೋ. ನಿನ್ ನಾಲಿಗೆಗೂ ಪಿಂಚಣಿ ಬಂತೇನೋ ನೋಡ್ಕೋ."

"ನಿನ್ ನಾಲಿಗೆಗೆ ಕೆಲ್ಸ ಸಿಕ್ಕಿದ್ದೇ ಯಾವಾಗ, ಪಿಂಚಣಿ ಬರೋಕೆ," ಎಂದಳು ಸೊಕೋರೊ. "ಇಪ್ಪತ್ತು ವರ್ಷದಿಂದ ಸುಳ್ಳು ಹೇಳಿ ಹೇಳಿ ಸವೆದುಹೋಗಿದೆ." ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವಳು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, ಎಲಾದಿಯೊನ ಮುಖ ನೋಡದೆ, "ಪೀಪಾಯಿ ತಳ ಮುಟ್ಟಿದೆ ಮೇಸ್ತ್ರಿ. ನೀವ್ ಹೇಳ್ತಿರೋದು ಸರಿ ಇರ್ಬೇಕು. ನಾಳೆ ಹೊಸದು ತೆಗೀತೀನಿ," ಎಂದಳು.

ತನ್ನ ವೈನ್ ಕೆಟ್ಟಿದೆಯೆಂದು ಸೊಕೋರೊ ಊರಿನವರ ಎದುರಿಗೆ ಒಪ್ಪಿಕೊಂಡದ್ದು ಅದೇ ಮೊದಲು. ಎಲಾದಿಯೊ ಅದನ್ನು ಗಮನಿಸಿದ, ಆದರೆ ಅದಕ್ಕೆ ಸಿಗಬೇಕಾದ ಬೆಲೆ ಕೊಡಲಿಲ್ಲ.

ನಮ್ಮಲ್ಲಿ ಬೇಸಿಗೆ ತಿಂತೊ ಎಂದರೆ ಯಾರೂ ದೊಡ್ಡದಾಗಿ ಮಾತಾಡುವ ಪಾನೀಯವಲ್ಲ. ಅಗ್ಗದ ಕೆಂಪು ವೈನಿಗೆ ಸಿಹಿ ಸೋಡಾ ಬೆರೆಸಿ, ಐಸ್ ಹಾಕಿ, ಒಂದು ಹೋಳು ನಿಂಬೆ ಸಿಕ್ಕಿಸುತ್ತಾರೆ. ಒಳ್ಳೆಯ ವೈನನ್ನು ಯಾರೂ ಹೀಗೆ ಹಾಳುಮಾಡುವುದಿಲ್ಲ. ಹೆದ್ದಾರಿಯಿಂದ ದಾರಿ ತಪ್ಪಿ ಬಂದ ಕಾರಿನವರು ಹಣ್ಣಿನ ಚೂರು ತೇಲುವ ಸಾಂಗ್ರಿಯಾ ಕೇಳಿದರೆ ಸೊಕೋರೊ, "ಹಣ್ಣು ಬೇಕಿದ್ರೆ ಎದುರುಗಡೆ ಅಂಗಡೀಲಿ ಸಿಗತ್ತೆ, ತಗೊಂಡ್ ಬನ್ನಿ, ಚಾಕು ಕೊಡ್ತೀನಿ," ಎನ್ನುತ್ತಿದ್ದಳು. ಆದರೆ ಆಗಸ್ಟಿನಲ್ಲಿ ಒಂದು ಗಂಟೆಗೆ ಬೀದಿಯ ಸುಣ್ಣದ ಗೋಡೆಗಳು ಕಣ್ಣು ಕುಕ್ಕುವಾಗ, ನಾಯಿಗಳು ಕಾರುಗಳ ಅಡಿಗೆ ಸೇರಿಕೊಂಡಾಗ, ಅವಳ ಕೈಯ ಲೋಟದ ಮುಂದೆ ಬೇರೆ ಯಾವುದೂ ನಿಲ್ಲುತ್ತಿರಲಿಲ್ಲ.

ಅವಳು ಮಾಡುವುದನ್ನು ಎಲಾದಿಯೊ ವರ್ಷಗಟ್ಟಲೆ ನೋಡಿದ್ದ. ಉದ್ದನೆಯ ನೇರ ಲೋಟ. ಮೊದಲು ಐಸ್, ಅಂಚಿನವರೆಗೆ. ನಿಂಬೆಯ ಹೋಳನ್ನು ಅಂಚಿಗೆ ಒಮ್ಮೆ ಉಜ್ಜಿ ಒಳಗೆ ಬಿಡುತ್ತಾಳೆ. ಕೌಂಟರಿನ ಕೆಳಗಿನ ತಂಪು ಪೆಟ್ಟಿಗೆಯಲ್ಲಿ ಮಣ್ಣಿನ ಹೂಜಿಗಳಿರುತ್ತವೆ, ಬೆಳಿಗ್ಗೆಯೇ ಪೀಪಾಯಿಯಿಂದ ತುಂಬಿಟ್ಟದ್ದು. ಅದರಿಂದ ವೈನ್. ಆಮೇಲೆ ಲೋಟವನ್ನು ಒಂದಿಷ್ಟು ಓರೆ ಮಾಡಿ ಸೋಡಾವನ್ನು ಗಾಜಿನ ಗೋಡೆಗುಂಟ ಇಳಿಸುತ್ತಾಳೆ, ನೊರೆ ಏಳುವ ಮೊದಲೇ ನಿಲ್ಲಿಸುತ್ತಾಳೆ. ಕಲಕುವುದಿಲ್ಲ. ಕೇಳುವುದೂ ಇಲ್ಲ. ಪ್ರತಿಯೊಬ್ಬನ ಅಳತೆ ಅವಳಿಗೆ ಗೊತ್ತು. ಫ್ರಾಸ್ಕಿತೊಗೆ ಸೋಡಾ ಹೆಸರಿಗೆ ಮಾತ್ರ. ಅಂಚೆಯ ಹೆಂಗಸಿಗೆ ಇನ್ನೂ ಅರ್ಧ ದಾರಿ ಬೈಕ್ ಓಡಿಸಬೇಕಾದ್ದರಿಂದ ವೈನ್ ಹೆಸರಿಗೆ ಮಾತ್ರ. ಎಲಾದಿಯೊಗೆ ಅರ್ಧಕ್ಕಿಂತ ಎರಡು ಬೆರಳು ಮೇಲೆ. ಇವನು ಬಾಗಿಲ ಮಣಿಪರದೆ ಸರಿಸುವಷ್ಟರಲ್ಲಿ ಅವಳ ಕೈ ಐಸ್ ಪೆಟ್ಟಿಗೆಯಲ್ಲಿರುತ್ತಿತ್ತು. ಇನ್ನೊಬ್ಬನ ಲೋಟದಿಂದ ಗುಟುಕು ಕೇಳುವುದು ಆ ಬಾರಿನಲ್ಲಿ ಇನ್ನೊಬ್ಬನ ಚಪ್ಪಲಿ ಮೆಟ್ಟಿದ ಹಾಗೆ. ಯಾರೂ ಮಾಡುವುದಿಲ್ಲ.

ಮರುದಿನ ಹೊಸ ಪೀಪಾಯಿ ತೆರೆದಳು. ಎಲ್ಲರ ಕಣ್ಣೆದುರಿಗೇ ಬೆಣೆ ಬಡಿದು ನಲ್ಲಿ ಕೂರಿಸಿದಳು. ಫ್ರಾಸ್ಕಿತೊ ಮೊದಲ ಲೋಟ ಕುಡಿದು, ಬಾಯಿ ಚಪ್ಪರಿಸಿ, "ಮೇಸ್ತ್ರಿ ಗದರಿದ್ದಕ್ಕೆ ನಮಗೆಲ್ಲ ಲಾಭ ಆಯ್ತು ನೋಡಿ," ಎಂದ. ಸೊಕೋರೊ ಎಲಾದಿಯೊನ ಲೋಟವನ್ನು ಅವನ ಮುಂದೆ ಸರಿಸಿದಳು.

ಅವನು ಕುಡಿದ. ಅದೇ ಟೊಳ್ಳು.

"ಹೆಂಗಿದೆ?" ಎಂದ ಫ್ರಾಸ್ಕಿತೊ.

"ಈಗ ಸರಿ ಇದೆ," ಎಂದ ಎಲಾದಿಯೊ.

ಸೊಕೋರೊ ಆ ಮಾತು ಕೇಳಿ ಒಂದು ಕ್ಷಣ ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ಲೋಟ ತೊಳೆಯಲು ಶುರುಮಾಡಿದಳು.

ಅಂದಿನಿಂದ ಅವನಿಗೆ ಸಂಶಯ ಉಳಿಯಲಿಲ್ಲ. ಪೀಪಾಯಿ ಹೊಸದು. ಉಳಿದವರಿಗೆಲ್ಲ ರುಚಿ ಸಿಗುತ್ತಿದೆ. ಸಿಗದಿರುವುದು ತನಗೊಬ್ಬನಿಗೆ.

ಮನೆಯಲ್ಲಿ, ಊಟವಾಗಿ ಹೆಂಡತಿ ಆರಾಸೆಲಿ ಕಿಟಕಿಗಳ ಪರದೆ ಇಳಿಸಿ ಮಲಗಿದ ಮೇಲೆ, ಅವನು ಅಡುಗೆಮನೆಯಲ್ಲಿ ಕೂತು ಮಾತ್ರೆಯ ಡಬ್ಬಿಯೊಳಗಿನ ಕಾಗದ ಬಿಡಿಸಿದ. ಜೂನ್ ತಿಂಗಳಲ್ಲಿ ಎದೆಯ ಬಡಿತ ಎರಡು ಸಲ ತಪ್ಪಿ, ಕೊರ್ದೊಬಾದ ಆಸ್ಪತ್ರೆಗೆ ಹೋಗಿ ಬಂದಿದ್ದರು. ಡಾಕ್ಟರು ಈ ಮಾತ್ರೆ ಬರೆದು, ವೈನ್ ಬಿಡಬೇಕು ಎಂದಿದ್ದರು. ಎಲಾದಿಯೊ ತಲೆಯಾಡಿಸಿದ್ದ. ಮರುದಿನ ಒಂದು ಗಂಟೆಗೆ ಎಂದಿನಂತೆ ಟೋಪಿ ಹಾಕಿಕೊಂಡು ಹೊರಟಿದ್ದ. ಬಾಗಿಲಲ್ಲಿ ಆರಾಸೆಲಿ ನಿಂತಿದ್ದಳು. ಜಗಳಕ್ಕೆ ಸಿದ್ಧನಾಗಿಯೇ ಅವನು ಅವಳತ್ತ ನೋಡಿದ. ಅವಳು, "ಬಿಸಿಲಲ್ಲಿ ನಿಧಾನ ನಡಿ," ಎಂದಷ್ಟೇ ಹೇಳಿದ್ದಳು.

ಕಾಗದದಲ್ಲಿ ಸಣ್ಣ ಅಕ್ಷರಗಳ ಸಾಲುಗಳಿದ್ದವು. ತಲೆಸುತ್ತು, ಒಣಕೆಮ್ಮು, ಕಾಲಿನ ಊತ. ಹನ್ನೊಂದನೆಯ ಸಾಲಿನಲ್ಲಿ, ಕೆಲವರಲ್ಲಿ ರುಚಿ ಗ್ರಹಿಕೆ ಕುಗ್ಗಬಹುದು, ಎಂದಿತ್ತು.

ಅವನು ಆ ಸಾಲನ್ನು ಬೆರಳಿನಿಂದ ಒತ್ತಿ ಹಿಡಿದ. ನಲ್ಲಿಯಿಂದ ಹನಿ ಬೀಳುವ ಸದ್ದು ಇತ್ತು. ಮಾತ್ರೆ ಬಿಟ್ಟರೆ ಎದೆ, ತೆಗೆದುಕೊಂಡರೆ ನಾಲಿಗೆ. ಎರಡರಲ್ಲಿ ಯಾವುದು ತಾನು ಎಂದು ಯಾರಾದರೂ ಕೇಳಿದ್ದರೆ ಆ ಹೊತ್ತಿನಲ್ಲಿ ಅವನಿಗೆ ಉತ್ತರ ಗೊತ್ತಿತ್ತು, ಆದರೆ ಅದನ್ನು ಆರಾಸೆಲಿಗೆ ಹೇಳುವಂತಿರಲಿಲ್ಲ.

ಒಂದು ವಾರ ಬಿಟ್ಟು ಬೆಳಿಗ್ಗೆ ಅವನು ಹೆಂಡತಿಯನ್ನು ಕರೆದ. "ಮೂರು ಬಟ್ಟಲಲ್ಲಿ ಮೂರು ಎಣ್ಣೆ ಹಾಕಿಡು. ಯಾವುದು ಎಲ್ಲಿ ಅಂತ ಹೇಳ್ಬೇಡ."

"ಯಾಕೆ?"

"ಸುಮ್ನೆ."

"ಸುಮ್ನೆ ಅಂತ ನೀನು ಜನ್ಮದಲ್ಲಿ ಏನೂ ಮಾಡಿಲ್ಲ," ಎಂದಳು ಆರಾಸೆಲಿ. ಆದರೂ ಬಟ್ಟಲುಗಳನ್ನು ತಂದಳು.

ಆಗ ತಾನೇ ಅವಳು ಹಸಿರು ಮೆಣಸಿನಕಾಯಿ ಕರಿದಿದ್ದಳು. ಮನೆಯೆಲ್ಲ ಅದರ ವಾಸನೆ ತುಂಬಿತ್ತು. ಇಂಥ ಮನೆಯಲ್ಲಿ ಎಣ್ಣೆ ರುಚಿ ನೋಡಕೂಡದೆಂದು ಮಂಡಳಿಗೆ ಬರುವ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಎಷ್ಟೋ ಜನಕ್ಕೆ ಅದನ್ನು ಹೇಳಿಕೊಟ್ಟವನು ಎಲಾದಿಯೊನೇ. ಅವನು ಕೂತು ಮೂರನ್ನೂ ನೋಡಿದ. ಮೊದಲನೆಯದು ತಮ್ಮ ಗಾಣದ್ದು ಎಂದ. ಸರಿ. ಎರಡನೆಯದು ಅಂಗಡಿಯದು ಎಂದ. ಸರಿ. ಮೂರನೆಯದನ್ನು ಬಾಯಲ್ಲಿಟ್ಟುಕೊಂಡಾಗ, ಇದು ನಿಜವಾಗಿ ಸಿಗುತ್ತಿರುವ ರುಚಿಯೋ ನೆನಪಿನಲ್ಲಿರುವ ರುಚಿಯೋ ಎಂಬ ಯೋಚನೆ ಹೊಕ್ಕಿತು. ಅದು ಹೊಕ್ಕ ಮೇಲೆ ಎಣ್ಣೆ ಏನೂ ಹೇಳಲಿಲ್ಲ. "ನಿನ್ನ ಅಕ್ಕನ ಮನೇದು," ಎಂದ.

ಆರಾಸೆಲಿ ಬಟ್ಟಲುಗಳನ್ನು ಎತ್ತಿಕೊಂಡಳು. ಅದು ಅವರದೇ ಮರಗಳ, ಅಣೆಕಟ್ಟಿನ ಕಡೆಯ ಆರು ಮುದಿ ಮರಗಳ ಎಣ್ಣೆಯಾಗಿತ್ತು.

"ಬಿಡು, ಮೆಣಸಿನಕಾಯಿ ವಾಸನೆ," ಎಂದಳು ಕೊನೆಗೆ. ಬಟ್ಟಲು ತೊಳೆಯುವಾಗ ಅವಳ ಬೆನ್ನು ಅವನ ಕಡೆಗಿತ್ತು. ಅವಳೇನೋ ಹೇಳಲು ತಿರುಗಿದಂತೆ ಆಯಿತು. ತಿರುಗಲಿಲ್ಲ.

ಆಗಸ್ಟ್ ಹಾಗೇ ಕಳೆಯಿತು. ಅವನು ದಿನವೂ ಬಾರಿಗೆ ಹೋಗುತ್ತಿದ್ದ, ಎರಡು ಲೋಟ ಕುಡಿಯುತ್ತಿದ್ದ, ಚೆನ್ನಾಗಿದೆ ಎನ್ನುತ್ತಿದ್ದ. ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಒಂದೇ ವಿಷಯ ಅವನ ಕಣ್ಣಿಗೆ ಬಿದ್ದಿತ್ತು. ಸೊಕೋರೊ ಅವನಿಗೆ ಬಗ್ಗಿಸುತ್ತಿದ್ದ ಹೂಜಿಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಹೊಸದೊಂದು ಕೊಳ್ಳಬಾರದೇ ಎಂದುಕೊಂಡಿದ್ದ. ಅದಕ್ಕಿಂತ ಮುಂದೆ ಯೋಚಿಸಿರಲಿಲ್ಲ. ತನ್ನೊಳಗೇ ನೋಡಿಕೊಳ್ಳುತ್ತಿರುವವನಿಗೆ ಎದುರಿಗಿರುವುದು ಕಾಣುವುದು ಕಷ್ಟ.

ತಿಂಗಳ ಕೊನೆಯಲ್ಲಿ ಮಂಡಳಿಯಿಂದ ಕಾಗದ ಬಂತು. ಅಕ್ಟೋಬರಿನಲ್ಲಿ ಹೊಸ ಕಾಯಿ ಗಾಣಕ್ಕೆ ಬರುತ್ತದೆ, ಈ ಹಂಗಾಮಿಗೂ ನಿಮ್ಮ ಕುರ್ಚಿ ನಿಮಗೇ, ಸೆಪ್ಟೆಂಬರ್ ಹತ್ತರೊಳಗೆ ಒಪ್ಪಿಗೆ ಬರೆದು ಕಳಿಸಿ ಎಂದಿತ್ತು. ಎಲಾದಿಯೊ ಎರಡು ದಿನ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ಯಾರಿಗೂ ತಿಳಿಯದಂತೆ ಕೂತುಬಿಡಬಹುದಿತ್ತು. ಪಕ್ಕದವರ ಮುಖ ನೋಡಿ ಅಂಕ ಹಾಕಿದರೆ ಒಂದು ವರ್ಷ ನಡೆಯುತ್ತದೆ. ಹಾಗೆ ಮಾಡಿದ ಇಬ್ಬರನ್ನು ಅವನು ಬಲ್ಲ. ಅವರಲ್ಲಿ ಒಬ್ಬನನ್ನು ಮಂಡಳಿಯಿಂದ ಬಿಡಿಸಿದವನು ತಾನೇ. ಇಡೀ ವರ್ಷ ಏಣಿಯ ಮೇಲೆ ನಿಂತು ಕಾಯಿ ಕಿತ್ತವರ ಎಣ್ಣೆಗೆ, ರುಚಿ ಸತ್ತವನೊಬ್ಬ ಬೆಲೆ ಕಟ್ಟುವುದೆಂದರೆ ಅವನಿಗೆ ಕಳ್ಳತನಕ್ಕೆ ಸಮವಾಗಿತ್ತು. ಮೂರನೆಯ ದಿನ, ನಾಲ್ಕು ಸಾಲು ಬರೆದ. ವಯಸ್ಸಿನ ಕಾರಣದಿಂದ ಕುರ್ಚಿ ಬಿಟ್ಟುಕೊಡುತ್ತಿದ್ದೇನೆ. ಅಂಟು ಹಚ್ಚಿ ಲಕೋಟೆ ಮುಚ್ಚಿದ.

ಅಂಚೆಯ ಹೆಂಗಸು ಒಂದೂವರೆಗೆ ಸೊಕೋರೊಳ ಬಾರಿಗೆ ಬರುತ್ತಾಳೆ. ಊರಿನವರು ಕಾಗದಗಳನ್ನು ಅಲ್ಲೇ, ಕಾಫಿ ಯಂತ್ರದ ಪಕ್ಕದ ತಗಡಿನ ಡಬ್ಬಿಯಲ್ಲಿ ಬಿಟ್ಟು ಹೋಗುತ್ತಾರೆ.

ಅವತ್ತು ಎಲಾದಿಯೊ ಮಣಿಪರದೆ ಸರಿಸಿ ಒಳಗೆ ಬಂದಾಗ ಬಾರಿನಲ್ಲಿ ಫ್ರಾಸ್ಕಿತೊ ಒಬ್ಬನೇ ಇದ್ದ. ಪತ್ರಿಕೆಯ ಮೇಲೆ ತಲೆಯಿಟ್ಟು ಅರೆನಿದ್ರೆಯಲ್ಲಿದ್ದ. ಸೊಕೋರೊಳ ಕೈ ಆಗಲೇ ಐಸ್ ಪೆಟ್ಟಿಗೆಯಲ್ಲಿತ್ತು.

"ಇದನ್ನ ಅಂಚೆಗೆ ಕೊಟ್ಬಿಡು," ಎಂದು ಅವನು ಲಕೋಟೆಯನ್ನು ಕೌಂಟರ್ ಮೇಲಿಟ್ಟ.

ಅವಳು ವಿಳಾಸ ಓದಿದಳು. "ಮಂಡಳಿಗಾ? ಪ್ರತಿ ವರ್ಷ ನೀವೇ ಬಸ್ ಹತ್ತಿ ಹೋಗಿ ಕೊಡ್ತಿದ್ರಲ್ಲ. ಒಪ್ಪಿಗೆ ಕಾಗದ ಅಲ್ವಾ?"

"ಒಪ್ಪಿಗೆ ಅಲ್ಲ."

"ಮತ್ತೆ?"

ಗೋಡೆಯ ಫ್ಯಾನ್ ಅವನ ಕಡೆ ತಿರುಗಿ, ಮತ್ತೆ ಆಚೆ ತಿರುಗಿತು.

"ಬಿಡ್ತಿದೀನಿ ಸೊಕೋರೊ. ನಂಗೆ ರುಚಿ ಸಿಗ್ತಿಲ್ಲ. ಜೂನ್‌ನಿಂದ. ನಿನ್ ವೈನ್ ಕೆಟ್ಟಿದೆ ಅಂತ ಅವತ್ತು ಎಲ್ಲರ ಎದುರಿಗೆ ಹೇಳ್ದೆ. ಕೆಟ್ಟಿದ್ದು ನಿನ್ ವೈನ್ ಅಲ್ಲ."

ಸೊಕೋರೊ ಐಸ್ ಪೆಟ್ಟಿಗೆಯಿಂದ ಕೈ ತೆಗೆದಳು.

"ನೀನು ನನ್ ಮಾನ ಉಳಿಸೋಕೆ ತಪ್ಪನ್ನ ಪೀಪಾಯಿ ಮೇಲೆ ಹಾಕ್ದೆ. ಅದು ನಂಗೆ ಆಮೇಲೆ ಗೊತ್ತಾಯ್ತು. ಅದಕ್ಕೇ ಹೇಳ್ತಿದೀನಿ. ಬೇರೆ ಯಾರಿಗೂ ಹೇಳಿಲ್ಲ. ಆರಾಸೆಲಿಗೂ."

ಫ್ರಾಸ್ಕಿತೊ ನಿದ್ದೆಯಲ್ಲೇ ಗೊರಕೆಯಂಥ ಒಂದು ಸದ್ದು ಮಾಡಿ ತಲೆಯನ್ನು ಇನ್ನೊಂದು ಬದಿಗೆ ಹೊರಳಿಸಿದ. ಸೊಕೋರೊ ಲಕೋಟೆಯನ್ನು ಎತ್ತಿಕೊಂಡಳು. ಡಬ್ಬಿಯ ಕಡೆ ಎರಡು ಹೆಜ್ಜೆ ಹೋದಳು. ಅಲ್ಲಿ ನಿಂತಳು. ಡಬ್ಬಿಯ ಬಾಯಿಗೆ ಹಾಕದೆ, ಅದರ ಮೇಲೆ ಹಾಗೇ ಇಟ್ಟು ವಾಪಸ್ ಬಂದಳು.

ಅವಳ ಮುಖವನ್ನು ಎಲಾದಿಯೊ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಬೆಟ್ಟದಷ್ಟು ದೊಡ್ಡದನ್ನೇನೋ ಎತ್ತಬೇಕೋ ಬೇಡವೋ ಎಂದು ನೋಡುತ್ತಿರುವವಳ ಮುಖ. ಆಮೇಲೆ ಅವಳು ಬಗ್ಗಿ ತಂಪು ಪೆಟ್ಟಿಗೆ ತೆರೆದಳು. ಅಂಚು ಮುಕ್ಕಾದ ಹೂಜಿಯನ್ನು ಹೊರಗೆ ತೆಗೆದು ಕೌಂಟರಿನ ಮೇಲೆ ಇಟ್ಟಳು. ಇನ್ನೊಂದು ಹೂಜಿಯನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಅದರ ಅಂಚು ಸರಿಯಾಗಿತ್ತು. ಇಷ್ಟು ದಿನ ಹೂಜಿಗಳು ಕೌಂಟರಿನ ಮೇಲೆ ಬಂದದ್ದೇ ಇಲ್ಲ. ಅವಳು ಎರಡನೆಯ ಹೂಜಿಯಿಂದ, ಅರ್ಧಕ್ಕಿಂತ ಎರಡು ಬೆರಳು ಮೇಲೆ ವೈನ್ ಹಾಕಿ, ಲೋಟ ಓರೆಮಾಡಿ ಸೋಡಾ ಇಳಿಸಿ, ಅವನ ಮುಂದೆ ಸರಿಸಿದಳು.

"ಕುಡೀರಿ ಮೇಸ್ತ್ರಿ."

ಅವನು ಕುಡಿದ.

ಮೊದಲು ತಂಪು. ಆಮೇಲೆ ನಿಂಬೆ. ಅದರ ಹಿಂದೆಯೇ ವೈನ್ ಬಂತು. ಅಗ್ಗದ, ಒರಟು, ಬಿಸಿಲಿನ ವೈನ್. ಪೀಪಾಯಿಯ ಮರ, ನಲ್ಲಿಯ ಒಂದಿಷ್ಟು ಕಬ್ಬಿಣ, ಒಣಗಿದ ಚೆರಿ ಹಣ್ಣು, ಕೊನೆಗೆ ಗಂಟಲಲ್ಲಿ ನಿಂತ ಬಿಸಿ. ಇಳಿಜಾರಿನಲ್ಲಿ ಬೆಳೆದ ದ್ರಾಕ್ಷಿಯಲ್ಲ, ಬಯಲಿನದು. ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು ಸ್ವಲ್ಪ ಬೆರೆತಿದೆ. ಅವನ ನಾಲಿಗೆ ಹೇಳುತ್ತಲೇ ಹೋಯಿತು. ಮೂರು ತಿಂಗಳು ಬಾಯಿ ಕಟ್ಟಿ ಕೂರಿಸಿದವರಿಗೆ ಒಮ್ಮೆಗೇ ಮಾತು ಬಂದ ಹಾಗೆ.

ನಾಲಿಗೆ ಸತ್ತಿರಲಿಲ್ಲ.

ಅವನು ಮುಕ್ಕಾದ ಹೂಜಿಯನ್ನು ನೋಡಿದ. ಆಗ ಉಳಿದದ್ದೆಲ್ಲ ತಾನಾಗಿ ಕೂಡಿಕೊಂಡು ಬಂತು. ಜೂನ್‌ನಲ್ಲಿ ಕೊರ್ದೊಬಾದಿಂದ ಬಂದ ಮರುದಿನ ಬೆಳಿಗ್ಗೆ ಆರಾಸೆಲಿ ಕರಿದ ಬದನೆಕಾಯಿಯ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಸೊಕೋರೊಳ ಮನೆಗೆ ಹೋಗಿದ್ದಳು. ಬಾರಿನ ಹೊಸ್ತಿಲು ದಾಟದವಳು. ಬಂದ ಮೇಲೆ ಅವಳ ಕಣ್ಣುಗಳು ಕೆಂಪಾಗಿದ್ದವು, ಈರುಳ್ಳಿ ಎಂದಿದ್ದಳು. ಊಟದಲ್ಲಿ ಒಂದು ಚಿಟಿಕೆ ಉಪ್ಪಿಗೂ ಜಗಳ ತೆಗೆಯುವ ಹೆಂಗಸು, ಡಾಕ್ಟರು ಬೇಡವೆಂದ ವೈನಿಗೆ ಇಡೀ ಬೇಸಿಗೆ ಒಂದು ಮಾತೂ ಆಡಿರಲಿಲ್ಲ. ಬಾರಿಗೆ ಹೋಗಬೇಡ ಎಂದಿದ್ದರೆ ಅವನು ಪರದೆ ಇಳಿಸಿದ ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ, ಅದು ಎದೆಗಿಂತ ಬೇಗ ಅವನನ್ನು ಮುಗಿಸುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು.

ಇನ್ನು ಆ ಹೂಜಿ. ಎಲಾದಿಯೊ ಎರಡನೆಯ ಗುಟುಕು ತೆಗೆದುಕೊಂಡು, ಇದನ್ನೂ ಇಡೀ ಬೇಸಿಗೆ ಕುಡಿದದ್ದನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಟ್ಟ. ಎಣ್ಣೆಯಲ್ಲಿ ಮಾಡುತ್ತಿದ್ದ ಕೆಲಸವೇ. ಆ ಬಣ್ಣ ವೈನಿನದಲ್ಲ, ಹುದುಗಿಸದ ಕಪ್ಪು ದ್ರಾಕ್ಷಿಯ ರಸದ್ದು. ಆದರೆ ರಸ ಸಿಹಿ, ಅದನ್ನು ಅಡಗಿಸಲು ಅವನ ಲೋಟಕ್ಕೆ ಮಾತ್ರ ಸಪ್ಪೆ ಸೋಡಾ. ಒಗರಿಗೆ ಏನು ಮಾಡಿದಳು? ಅವನು ನೆನಪನ್ನು ಇನ್ನೊಮ್ಮೆ ನಾಲಿಗೆಗೆ ತಂದುಕೊಂಡ. ದಾಳಿಂಬೆ ಸಿಪ್ಪೆ. ಒಣಗಿಸಿದ ದಾಳಿಂಬೆ ಸಿಪ್ಪೆ ನೆನೆಸಿದ ನೀರು. ಕಹಿಗೆ ನಿಂಬೆ ಸಿಪ್ಪೆಯ ಬಿಳಿ ಭಾಗ. ಇದು ಒಂದೇ ದಿನದ ಕೆಲಸವಲ್ಲ. ಮೊದಲ ದಿನವೇ ಹೀಗೆ ಕೊಟ್ಟಿದ್ದರೆ ಅವನು ಮೊದಲ ಗುಟುಕಿಗೇ ಉಗುಳುತ್ತಿದ್ದ. ಅವಳು ಜೂನ್‌ನಲ್ಲಿ ಒಂದು ಚಮಚ ವೈನ್ ತೆಗೆದು ಒಂದು ಚಮಚ ರಸ ಸೇರಿಸಿದ್ದಾಳೆ. ನಾಲ್ಕು ದಿನ ಬಿಟ್ಟು ಇನ್ನೊಂದು ಚಮಚ. ಅವನ ನಾಲಿಗೆಯ ಬೆನ್ನ ಹಿಂದೆಯೇ, ಅದು ತಿರುಗಿ ನೋಡದಷ್ಟು ಮೆಲ್ಲಗೆ ನಡೆದು ಬಂದಿದ್ದಾಳೆ. ಜಿಲ್ಲೆಯ ಹತ್ತು ನಾಲಿಗೆಗಳಲ್ಲಿ ಒಂದು ಎನಿಸಿಕೊಂಡದ್ದು, ಅನುಮಾನ ಪಡಲು ಜುಲೈ ಕೊನೆಯವರೆಗೆ ತೆಗೆದುಕೊಂಡಿತು. ಅನುಮಾನ ಪಟ್ಟ ಮೇಲೂ ಅದು ತನ್ನನ್ನೇ ದೂರಿತೇ ಹೊರತು ಅವಳನ್ನಲ್ಲ.

ನಲವತ್ತು ವರ್ಷ ಗಾಣದಲ್ಲಿ ಎಷ್ಟು ಕೈಗಳನ್ನು ನೋಡಿದ್ದ. ಕೆಟ್ಟ ಎಣ್ಣೆಯನ್ನು ಒಳ್ಳೆಯದೆಂದು ಸಾಗಿಸಲು ಬೆರೆಸುವ ಕೈಗಳು ಅವನಿಗೆ ಚೆನ್ನಾಗಿ ಗೊತ್ತಿದ್ದವು. ಅವನು ಅವುಗಳನ್ನು ಹಿಡಿದಿದ್ದ. ಇಷ್ಟು ಸೂಕ್ಷ್ಮವಾಗಿ ಬೆರೆಸಿದ ಕೈಯನ್ನು ಕಂಡಿರಲಿಲ್ಲ. ಇದರಲ್ಲಿ ಅವಳಿಗೆ ಯಾವ ಲಾಭವೂ ಇರಲಿಲ್ಲ. ಊರ ಮುಂದೆ ಪೀಪಾಯಿ ಕೆಟ್ಟಿದೆಯೆಂದು ಒಪ್ಪಿಕೊಂಡಿದ್ದಳು, ಅಷ್ಟೇ.

ಸಿಟ್ಟು ಬರಬೇಕಿತ್ತು. ಕೇಳದೆ ಗಂಡಸಿನ ವೈನಿಗೆ ನೀರು ಬೆರೆಸಿದವರ ಬಾರಿಗೆ ನಮ್ಮೂರಲ್ಲಿ ಮತ್ತೆ ಯಾರೂ ಕಾಲಿಡುವುದಿಲ್ಲ. ಅವನು ಸಿಟ್ಟಿಗಾಗಿ ಒಂದಿಷ್ಟು ಕಾದ. ಅದು ಬರಲಿಲ್ಲ.

ಸೊಕೋರೊ ಕೌಂಟರಿನ ಆಚೆ ನಿಂತಿದ್ದಳು. ಕೈಯಲ್ಲಿ ಬಟ್ಟೆ ಇತ್ತು, ಒರೆಸುತ್ತಿರಲಿಲ್ಲ. ಅವನು ಬೈದರೆ ಬೈಸಿಕೊಳ್ಳಲು ನಿಂತ ಹಾಗಿತ್ತು. ಆರಾಸೆಲಿಗೆ ಕೊಟ್ಟ ಮಾತನ್ನು ಬಾಯಿ ತೆರೆಯದೆ ಮುರಿದಿದ್ದಳು. ಅದೂ ಅವಳಿಗೆ ಸುಲಭವಾಗಿರಲಿಲ್ಲ.

"ಆ ಕಾಗದ ಈಕಡೆ ಕೊಡು," ಎಂದ ಎಲಾದಿಯೊ. "ಅದ್ರಲ್ಲಿ ಒಂದ್ ತಪ್ಪಾಗಿದೆ."

ಅವಳು ತಂದುಕೊಟ್ಟಳು. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ಲೋಟದಲ್ಲಿ ಇನ್ನೂ ಅರ್ಧ ಇತ್ತು. ಅವನು ಅದನ್ನು ಮತ್ತೆ ಬಾಯಿಗೆ ಒಯ್ಯಲಿಲ್ಲ. ಒಂದು ಬೆರಳಿನಿಂದ ಅವಳ ಕಡೆಗೆ ಮೆಲ್ಲಗೆ ಸರಿಸಿದ.

ಸೊಕೋರೊ ಅದನ್ನು ತೆಗೆದು ಚೆಲ್ಲಿದಳು. ಹೊಸ ಲೋಟ ತೆಗೆದುಕೊಂಡು ಐಸ್ ತುಂಬಿಸಿದಳು. ನಿಂಬೆ ಉಜ್ಜಿದಳು. ಆಮೇಲೆ ಅವಳ ಕೈ ಎರಡು ಹೂಜಿಗಳ ನಡುವೆ ಗಾಳಿಯಲ್ಲಿ ನಿಂತಿತು. ಅವಳು ಅವನನ್ನು ನೋಡಲಿಲ್ಲ, ಹೂಜಿಗಳನ್ನು ನೋಡುತ್ತಿದ್ದಳು.

ಎಲಾದಿಯೊ ಅಂಚು ಮುಕ್ಕಾದ ಹೂಜಿಯ ಹಿಡಿಯನ್ನು ಅವಳ ಕೈಯ ಕಡೆಗೆ ತಿರುಗಿಸಿಟ್ಟ.

ಆಗ ಫ್ರಾಸ್ಕಿತೊ ಎಚ್ಚರಗೊಂಡು, ಪತ್ರಿಕೆಯ ಶಾಯಿ ಹತ್ತಿದ ಕೆನ್ನೆಯನ್ನು ಒರೆಸಿಕೊಂಡ. "ಏನು ಎರಡೆರಡು ಹೂಜಿ? ಮದುವೆ ಏನಾದ್ರೂ ಇದೆಯಾ?"

"ನಿನ್ ಮದುವೆ," ಎಂದಳು ಸೊಕೋರೊ. "ಹೆಣ್ಣು ನಿನ್ ಮುಖ ನೋಡಿ ಓಡಿಹೋಯ್ತು. ಕೆನ್ನೆ ಮೇಲೆ ಸಾವಿನ ಸುದ್ದಿ ಪುಟ ಅಚ್ಚಾಗಿದೆ, ತೊಳ್ಕೋ ಹೋಗು."

ಎಲಾದಿಯೊ ನಕ್ಕ. ಆ ಬೇಸಿಗೆಯಲ್ಲಿ ಅವನು ನಕ್ಕದ್ದನ್ನು ಫ್ರಾಸ್ಕಿತೊ ಕೇಳಿರಲಿಲ್ಲ, ಹಾಗಾಗಿ ತನ್ನ ಮುಖದಲ್ಲಿ ನಿಜಕ್ಕೂ ಏನೋ ಇದೆಯೆಂದುಕೊಂಡು ಎದ್ದು ಕನ್ನಡಿಯ ಹತ್ತಿರ ಹೋದ. ಎಲಾದಿಯೊ ತನ್ನ ಲೋಟ ಎತ್ತಿಕೊಂಡು ಕುಡಿದ. ದ್ರಾಕ್ಷಿ ರಸ, ಸಪ್ಪೆ ಸೋಡಾ, ದಾಳಿಂಬೆ ಸಿಪ್ಪೆ, ನಿಂಬೆಯ ಬಿಳಿ. ತಳದಲ್ಲಿ, ಹುಡುಕಿದರೆ ಸಿಗುವಷ್ಟು, ಒಂದು ಚಮಚ ವೈನ್. ಅಷ್ಟನ್ನು ಅವಳು ಕೊನೆಯವರೆಗೂ ಉಳಿಸಿದ್ದಳು. ಈಗ ಗೊತ್ತಿದ್ದು ಕುಡಿದರೆ ಅದು ಕೆಟ್ಟ ಪಾನೀಯವಾಗಿರಲಿಲ್ಲ. ಬಿಸಿಲಿನ ದಿನಕ್ಕೆ ಬಹಳ ಒಳ್ಳೆಯದಾಗಿತ್ತು.

ಮನೆಗೆ ಹೋದಾಗ ಆರಾಸೆಲಿ ಎಂದಿನಂತೆ, "ಎಷ್ಟು ಕುಡ್ದೆ?" ಎಂದು ಕೇಳಿದಳು.

"ಎರಡು."

"ಸರಿ. ಕೈ ತೊಳ್ಕೋ, ಊಟಕ್ಕಿಡ್ತೀನಿ."

ಸಾಯಂಕಾಲ ಅವನು ಮಂಡಳಿಗೆ ಹೊಸ ಕಾಗದ ಬರೆದು, ಮರುದಿನ ಬಸ್ ಹತ್ತಿ ತಾನೇ ಹೋಗಿ ಕೊಟ್ಟು ಬಂದ.

ಅಕ್ಟೋಬರ್ ಕೊನೆಯಲ್ಲಿ ಮೊದಲ ಎಣ್ಣೆ ಬಂತು. ಹಸಿರು, ಕಣ್ಣಲ್ಲಿ ನೀರು ತರಿಸುವಷ್ಟು ಖಾರ. ನಮ್ಮಲ್ಲಿ ಹೊಸ ಎಣ್ಣೆಯ ಮೊದಲ ಬಾಟಲಿಯನ್ನು ಮನೆಯವರಿಗೆ ಬಿಟ್ಟರೆ ಬೇರೆ ಯಾರಿಗೂ ಕೊಡುವುದಿಲ್ಲ. ಎಲಾದಿಯೊ ಅದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಒಂದು ಗಂಟೆಗೆ ಬಾರಿಗೆ ಹೋದ. ಹೊರಗೆ ಚಳಿ ಶುರುವಾಗಿತ್ತು, ಬೇಸಿಗೆ ತಿಂತೊ ನಿಂತು ಹದಿನೈದು ದಿನವಾಗಿತ್ತು. ಸೊಕೋರೊ ಕೇಳದೆಯೇ ಅವನಿಗೆ ಹಾಲು ಹೆಚ್ಚಾದ ಕಾಫಿ ಮಾಡಿದಳು. ಅವನು ಬಾಟಲಿಯನ್ನು ಅವಳ ಕಡೆ ಸರಿಸಿದ.

"ಇದ್ಯಾಕೆ ಮೇಸ್ತ್ರಿ?"

"ಒಂದು ಮಿಕ್ಕಿತ್ತು," ಎಂದ.

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಗ್ರಾಹಕರಿಗೆ ಬಳಸುವ ಎಣ್ಣೆಯ ಸಾಲಿನಲ್ಲಿ ಇಡದೆ, ಒಳಗೆ ಒಯ್ದಳು. ಅಂಚು ಮುಕ್ಕಾದ ಹೂಜಿ ತೊಳೆಸಿಕೊಂಡು ಮೇಲಿನ ಕಪಾಟಿನಲ್ಲಿ ಬೋರಲಾಗಿ ಕೂತಿತ್ತು, ಮುಂದಿನ ಜೂನ್‌ಗೆ.

ಆ ಹೂಜಿಯಲ್ಲಿ ಏನಿತ್ತೆಂದು ತನಗೆ ತಿಳಿದದ್ದನ್ನು ಎಲಾದಿಯೊ ಆರಾಸೆಲಿಗೆ ಹೇಳಲಿಲ್ಲ, ಮತ್ತು ತಾನು ಜೀವನದಲ್ಲಿ ಕಂಡ ಅತ್ಯಂತ ನಿಪುಣ ಕೈ ಸೊಕೋರೊಳದೆಂದು ಅವಳಿಗೂ ಯಾವತ್ತೂ ಹೇಳಲಿಲ್ಲ.